ಹನ್ನೊಂದು ಎಣಿಕೆಯ ಮೌನ

ಜನವರಿ ೬

ಮಗಳೇ ಡಬ್ಬಿ,

ನಾನು ಕ್ಷೇಮ. ಬೆನ್ನು ಮಾತ್ರ ಕ್ಷೇಮವಲ್ಲ, ಅದು ಹಳೇ ಸುದ್ದಿ. ಇದನ್ನು ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀನು ‘ಹೂಂ, ಹೂಂ, ಆಮೇಲೆ?’ ಎಂದು ಅವಸರ ಮಾಡುತ್ತೀಯ, ನನ್ನ ಮಾತು ಹಳಿ ತಪ್ಪುತ್ತದೆ. ಕಾಗದಕ್ಕೆ ಅವಸರವಿಲ್ಲ.

ಗ್ರಂಥಾಲಯದ ಸಂಗೀತ ಸಂಘದಿಂದ ನಿನ್ನ ಅಮ್ಮನ ಹೆಸರಿಗೆ ಹೊಸ ವರ್ಷದ ಸದಸ್ಯತ್ವದ ಕಾರ್ಡ್ ಬಂತು. ಅವಳು ಹೋಗಿ ಹತ್ತು ತಿಂಗಳಾಯಿತೆಂದು ಅವರಿಗೆ ಯಾರು ಹೇಳಬೇಕು? ನಾನೇ ಹೇಳಿ, ಹೆಸರು ಹೊಡೆಸಿ ಬರೋಣ ಎಂದು ಭಾನುವಾರ ಹೊರಟೆ. ಕೌಂಟರಿನಲ್ಲಿ ಕನ್ನಡಕವನ್ನು ಹಣೆಗೇರಿಸಿಕೊಂಡ ಒಬ್ಬ ಹೆಂಗಸು ಕೂತಿದ್ದರು.

‘ಈ ಹೆಸರು ತೆಗೆದುಬಿಡಿ’ ಅಂದೆ.

‘ಯಾಕೆ, ಊರು ಬಿಟ್ರಾ?’

‘ಹೂಂ, ಒಂಥರಾ ಹಾಗೇ.’

ಅವರು ನನ್ನ ಮುಖ ನೋಡಿದರು. ಕಾರ್ಡನ್ನು ನನ್ನ ಕಡೆಗೇ ತಳ್ಳಿದರು. ‘ಮೇಲೆ ಇನ್ನೈದು ನಿಮಿಷಕ್ಕೆ ಶುರು. ಅವರ ಸೀಟು ಖಾಲಿ ಇದೆ. ಮೆಟ್ಟಿಲು ಹತ್ತೋಕಾಗುತ್ತಾ ನಿಮಗೆ?’

ಹಾಗೆ ಕೇಳಿದರೆ ಯಾವ ಗಂಡಸು ಆಗಲ್ಲ ಅಂತಾನೆ? ಹತ್ತಿದೆ.

ನಿನಗೆ ಗೊತ್ತಲ್ಲ, ನಿನ್ನ ಅಮ್ಮ ವರ್ಷಾನುಗಟ್ಟಲೆ ಕರೆದಳು. ‘ಸುಮ್ಮನೆ ಕೂರೋಕೆ ಸರ್ಕಾರ ನನಗೆ ಸಂಬಳ ಕೊಡುತ್ತೆ, ಟಿಕೆಟ್ ತಗೊಂಡು ಯಾಕೆ ಕೂರಲಿ?’ ಎಂದು ಜಾರಿಕೊಳ್ಳುತ್ತಿದ್ದೆ. ಅಲ್ಲಿ ನೋಡಿದರೆ ನಾಲ್ಕೇ ಜನ. ಎರಡು ಪಿಟೀಲು, ಅದರ ಅಕ್ಕನಂಥದ್ದೊಂದು, ಮಂಡಿಗಳ ನಡುವೆ ಇಟ್ಟುಕೊಳ್ಳುವ ಅಜ್ಜನಂಥದ್ದೊಂದು. ಕೈ ಚಾಚಿದರೆ ಅವರ ಬೂಟು ಮುಟ್ಟಬಹುದು, ಅಷ್ಟು ಹತ್ತಿರ ಕೂತಿದ್ದೆ. ಕಮಾನು ಎತ್ತಿದರು. ಒನ್ ಟೂ ತ್ರೀ ಎಂದು ಯಾರೂ ಅನ್ನಲಿಲ್ಲ. ನಾಲ್ವರೂ ಒಟ್ಟಿಗೆ ಉಸಿರೆಳೆದುಕೊಂಡರು. ಡಬ್ಬಿ, ಆ ಉಸಿರು ನನಗೆ ಕೇಳಿಸಿತು! ಜೀವಮಾನವಿಡೀ ರೇಡಿಯೋ ಕೇಳಿದ್ದೇನೆ, ಒಂದು ದಿನವಾದರೂ ಉಸಿರು ಕೇಳಿಸಿದೆಯೇ?

ಆಮೇಲೆ ಶಬ್ದ ಮೊದಲು ಬಂದದ್ದು ಅಂಗಾಲಿಗೆ. ಮರದ ನೆಲ, ಆ ಅಜ್ಜನ ಪಿಟೀಲಿನ ಮೊಳೆ ನೆಲಕ್ಕೆ ಊರಿತ್ತು. ಚಪ್ಪಲಿಯ ಕೆಳಗಿನಿಂದ ಹತ್ತಿ ಮಂಡಿಗೆ ಬಂದು, ಹೊಟ್ಟೆಗೆ ಬಂದು, ಕಟ್ಟಕಡೆಗೆ ಕಿವಿಗೆ ಬಂತು. ತೂಕ-ಅಳತೆ ಇಲಾಖೆಯಲ್ಲಿ ಮೂವತ್ತೊಂದು ವರ್ಷ ಅಂಗಡಿ ಅಂಗಡಿ ಅಲೆದು ತಕ್ಕಡಿ ಪರೀಕ್ಷಿಸಿದವನು ನಾನು. ಇದನ್ನು ಯಾವುದರಿಂದ ಅಳೆಯುವುದು? ಇಂಗ್ಲಿಷಿನಲ್ಲಿ ಇದಕ್ಕೊಂದು ಪದವಿದೆ. ಕಾಲೇಜಿನ ಎರಡನೇ ವರ್ಷದಲ್ಲಿ ಬಾಯಿಪಾಠ ಮಾಡಿದ್ದೆ. ಸಬ್‌ಲೈಮೋ ಸಬ್‌ಮರ್ಜೋ. ನಾನು ಮುಳುಗಿಹೋದದ್ದಂತೂ ನಿಜ.

ಟು ಕಟ್ ದಿ ಲಾಂಗ್ ಸ್ಟೋರಿ ಶಾರ್ಟ್, ಹೆಸರು ಹೊಡೆಸಲಿಲ್ಲ. ನಿನ್ನ ಕಛೇರಿ ಯಾವಾಗ? ರೈಲಿನಲ್ಲಿ ನಾಲ್ಕು ತಾಸು ತಾನೇ, ಬಂದುಬಿಡುತ್ತೇನೆ.

ನಿನ್ನ ಅಪ್ಪ

—

ಜನವರಿ ೧೫

ಅಪ್ಪಾ,

ನಿಮ್ಮ ಕಾಗದ ಓದಿ ನಾಲ್ಕು ಸಲ ನಕ್ಕೆ. ಒಂದು ಸಲ ಅಳು ಬಂತು, ಯಾವ ಸಾಲಿಗೆ ಅಂತ ಹೇಳುವುದಿಲ್ಲ. ಅಜ್ಜನ ಪಿಟೀಲಿಗೆ ಚೆಲ್ಲೋ ಅನ್ನುತ್ತಾರೆ. ನಮ್ಮ ಚೆಲ್ಲೋ ಬಾರಿಸುವವರಿಗೆ ಓದಿ ಹೇಳಿದೆ, ‘ನಿಮ್ಮಪ್ಪನ್ನ ನಮ್ಮ ಮನೆಗೆ ಕಳಿಸು, ನಮ್ಮನೇಲಿ ಯಾರೂ ಅಂಗಾಲಲ್ಲಿ ಕೇಳಲ್ಲ’ ಅಂದರು.

ಆದರೆ ಅಪ್ಪಾ, ದಯವಿಟ್ಟು ಈಗ ಬರಬೇಡಿ. ಬೇಜಾರು ಮಾಡಿಕೊಳ್ಳಬೇಡಿ, ಪೂರ್ತಿ ಕೇಳಿ.

ಈ ವಾದ್ಯವೃಂದದಲ್ಲಿ ನನ್ನದು ಇನ್ನೂ ಪರೀಕ್ಷೆಯ ವರ್ಷ. ಮಾರ್ಚ್‌ನಲ್ಲಿ ನಿರ್ದೇಶಕರು ಇಟ್ಟುಕೊಳ್ಳುತ್ತಾರೋ ಕಳಿಸುತ್ತಾರೋ ಹೇಳುತ್ತಾರೆ. ನಾವೆಲ್ಲ ಹಿಂದಿನಿಂದ ಅವರನ್ನು ಕಡ್ಡಿ ಮೇಷ್ಟ್ರು ಅನ್ನುತ್ತೇವೆ, ಕಡ್ಡಿ ಬೀಸುತ್ತಾರೆ, ಕಡ್ಡಿ ಮುರಿದ ಹಾಗೆ ಮಾತಾಡುತ್ತಾರೆ. ಅಡುಗೆಮನೆಯ ಡಬ್ಬಿಗಳನ್ನೆಲ್ಲ ಬಡಿಯುತ್ತಿದ್ದೆ ಅಂತ ನೀವು ನನಗೆ ಡಬ್ಬಿ ಎಂದು ಹೆಸರಿಟ್ಟಿರಿ, ಆದರೆ ಇಲ್ಲಿ ನನ್ನ ಕೆಲಸ ಬಾರಿಸುವುದು ಕಡಿಮೆ, ಎಣಿಸುವುದು ಜಾಸ್ತಿ. ಡ್ರಮ್ಮು, ತಾಳ, ಗಂಟೆಗಳ ಹಿಂದೆ ನಿಂತು ಮುನ್ನೂರರವರೆಗೆ ಎಣಿಸಿ ಒಂದು ಪೆಟ್ಟು ಹೊಡೆಯುತ್ತೇನೆ.

ಫೆಬ್ರವರಿ ೨೨ರ ಭಾನುವಾರ ಮಧ್ಯಾಹ್ನ ಒಂದು ಹೊಸ ಕೃತಿ ಇದೆ. ಅದರ ನಡುವೆ ಅರವತ್ತು ಜನರೂ ಒಮ್ಮೆಗೇ ಬಾರಿಸುವುದನ್ನು ನಿಲ್ಲಿಸುತ್ತೇವೆ. ಹನ್ನೊಂದು ಎಣಿಕೆ ಮೌನ. ಮೇಷ್ಟ್ರು ಕೈ ಇಳಿಸಿ ನಿಂತುಬಿಡುತ್ತಾರೆ, ಸನ್ನೆ ಮಾಡುವುದಿಲ್ಲ, ಎಲ್ಲರೂ ಒಳಗೇ ಎಣಿಸಬೇಕು. ಹನ್ನೆರಡನೆಯದಕ್ಕೆ ನನ್ನದೊಂದೇ ಶಬ್ದ, ಒಂದು ಪುಟ್ಟ ಕಂಚಿನ ಗಂಟೆ. ಅದನ್ನು ಕೇಳಿ ಉಳಿದವರು ಶುರು ಮಾಡಬೇಕು. ನನ್ನ ವರ್ಷದ ಪರೀಕ್ಷೆ ಅಂದರೆ ಆ ಒಂದು ಪೆಟ್ಟು.

ಯಾವ ಸಭಾಂಗಣವಾದರೂ ಅಮ್ಮ ಕೂರುತ್ತಿದ್ದ ಎಂಟನೇ ಸಾಲಿನ ಕಡೆ ನೋಡುವ ಅಭ್ಯಾಸ ಈಗಷ್ಟೇ ಬಿಟ್ಟಿದೆ. ನಿಮ್ಮನ್ನು ಕಂಡರೆ ಪಕ್ಕದ ಸೀಟನ್ನೂ ನೋಡಿಬಿಡುತ್ತೇನೆ. ಏಪ್ರಿಲ್ ಬಂದ ಮೇಲೆ ನಾನೇ ಕರೆಯುತ್ತೇನೆ.

ನಿಮ್ಮ ಡಬ್ಬಿ

—

ಫೆಬ್ರವರಿ ೨

ಡಬ್ಬಿ,

ಬರುವುದಿಲ್ಲ. ಮಾತು ಅಂದರೆ ಮಾತು. ಇಂಗ್ಲಿಷಿನಲ್ಲಿ ವರ್ಡ್ ಆಫ್ ಆನರ್.

ನಾನಿಲ್ಲಿ ಇನ್ನೆರಡು ಕಛೇರಿ ಕೇಳಿದೆ. ಮೊದಲನೆಯದರಲ್ಲಿ ಒಬ್ಬ ಪಿಯಾನೋದವನು, ಕೂದಲು ಹಾರಿಸುತ್ತಿದ್ದ, ಅಷ್ಟಕ್ಕಷ್ಟೆ. ಎರಡನೆಯದನ್ನು ಹೇಗೆ ಬರೆಯಲಿ? ಹಾಡುವವಳು ನಿನ್ನ ಅಮ್ಮನ ವಯಸ್ಸಿನ ಹೆಂಗಸು, ಮಾರ್ಕೆಟಿಗೆ ಹೊರಟವಳ ಹಾಗೆ ಬಂದು ನಿಂತಳು. ಎರಡನೇ ಹಾಡಿನ ಅರ್ಧಕ್ಕೆ ಕರೆಂಟು ಹೋಯಿತು, ಮೈಕು ಸತ್ತಿತು. ಹಿಂದಿನವರು ‘ಅಯ್ಯೋ’ ಅಂದರು. ಅವಳು ಹಾಡು ನಿಲ್ಲಿಸಲಿಲ್ಲ. ಮೈಕನ್ನು ಪಕ್ಕಕ್ಕೆ ಸರಿಸಿ ಎರಡು ಹೆಜ್ಜೆ ಮುಂದೆ ಬಂದಳು, ಅಷ್ಟೆ. ಧ್ವನಿ ಎತ್ತರಿಸಲೂ ಇಲ್ಲ. ನಾವೇ, ಇನ್ನೂರು ಜನ, ಕೂತಲ್ಲೇ ಮುಂದಕ್ಕೆ ಬಾಗಿದೆವು. ಕುರ್ಚಿಗಳು ಒಟ್ಟಿಗೆ ಕಿರ್ ಅಂದವು. ಮೊದಲಿನಿಂದ ಕೆಮ್ಮುತ್ತಿದ್ದ ಒಬ್ಬ ಯಜಮಾನರು ಕೆಮ್ಮನ್ನೇ ಮರೆತರು. ಕಿಟಕಿಯ ಬೆಳಕಿನಲ್ಲಿ ಅವಳ ಗಂಟಲಿನ ನರ ಕುಣಿಯುವುದು ಕಾಣುತ್ತಿತ್ತು. ಒಬ್ಬ ಮನುಷ್ಯಜೀವಿಯ ಒಳಗಿನಿಂದ, ಬರೀ ಮಾಂಸ-ಮೂಳೆಯಿಂದ, ಇಂಥದ್ದು ಹೊರಗೆ ಬರುತ್ತದಲ್ಲ!

ಕರೆಂಟು ಮತ್ತೆ ಬಂದಾಗ ನಮಗೆಲ್ಲ ಸಿಟ್ಟು ಬಂತು. ಇಳಿಯುವಾಗ ಕೌಂಟರಿನ ಹೆಂಗಸು ಕೇಳಿದರು, ‘ಏನ್ ಸಾರ್, ಇವತ್ತಾದರೂ ಹೆಸರು ತೆಗೀಲಾ?’

‘ನಿಮ್ಮ ಹೆಸರು ತೆಗೆಸ್ತೀನಿ ನೋಡಿ’ ಅಂದೆ. ನಕ್ಕರು.

ಮೂವತ್ತು ವರ್ಷ ನಿನ್ನ ಅಮ್ಮ ಇದನ್ನೆಲ್ಲ ಕೇಳಿ ಮನೆಗೆ ಬಂದು ನನ್ನ ತಟ್ಟೆಗೆ ಬಡಿಸುತ್ತಿದ್ದಳು. ‘ಹೇಗಿತ್ತು?’ ಎಂದು ನಾನು ಕೇಳಿದ್ದು ಉಪ್ಪು ಸರಿಯಾಗಿದೆಯಾ ಎಂದು ಕೇಳುವ ಧಾಟಿಯಲ್ಲಿ.

ಚೆನ್ನಾಗಿ ಎಣಿಸು.

ಅಪ್ಪ

—

ಫೆಬ್ರವರಿ ೨೪

ಡಬ್ಬಿ,

ಭಾನುವಾರ ಮನೆಯಲ್ಲೇ ಇದ್ದೆ. ಬಚ್ಚಲಿನ ನಲ್ಲಿ ಸೋರುತ್ತಿತ್ತು, ವಾಷರ್ ಹಾಕಿದೆ. ನಿನ್ನ ಕಾರ್ಯಕ್ರಮ ಚೆನ್ನಾಗಿ ಆಗಿರಬೇಕು. ಏನಾಯಿತು ಬರಿ.

ಅಪ್ಪ

—

ಫೆಬ್ರವರಿ ೨೭

ಅಪ್ಪಾ,

ಚೆನ್ನಾಗಿ ಆಗಲಿಲ್ಲ.

ಎಲ್ಲ ಸರಿಯಾಗಿಯೇ ಇತ್ತು, ಆ ಮೌನದವರೆಗೆ. ಅರವತ್ತು ಜನರೂ ನಿಲ್ಲಿಸಿದೆವು. ಸುಮಾರು ಎಂಟನೇ ಎಣಿಕೆಗೆ ಮೇಲಿನ ಬಾಲ್ಕನಿಯಿಂದ ಯಾರೋ ಪುಣ್ಯಾತ್ಮ ಚಪ್ಪಾಳೆ ಶುರು ಮಾಡಿದ. ಮುಗಿಯಿತು ಅಂದುಕೊಂಡನೋ ಏನೋ. ಅವನನ್ನು ನೋಡಿ ಇನ್ನಷ್ಟು ಜನ. ಕೆಲವರು ಉಶ್ ಅಂದರು, ಕೆಲವರು ನಕ್ಕರು. ಕಡ್ಡಿ ಮೇಷ್ಟ್ರು ಕಲ್ಲಿನ ಹಾಗೆ ನಿಂತಿದ್ದರು. ನನ್ನ ಗಂಟೆ ಹನ್ನೆರಡಕ್ಕೆ ಬರಬೇಕಾದದ್ದು ಹದಿನೈದಕ್ಕೋ ಹದಿನಾರಕ್ಕೋ ಬಂತು. ಅಷ್ಟರಲ್ಲಿ ಅರ್ಧ ಜನ ಕಾಯಲಾರದೆ ಶುರು ಮಾಡಿದ್ದರು, ಇನ್ನರ್ಧ ನನಗಾಗಿ ಕಾಯುತ್ತಿದ್ದರು. ಮತ್ತೆ ಒಟ್ಟುಗೂಡಲು ಒಂದು ಪುಟ ಬೇಕಾಯಿತು.

ಮೇಷ್ಟ್ರು ಕೋಣೆಗೆ ಕರೆದರು. ‘ಏನಾಯ್ತು?’ ಅಂದರು.

‘ಚಪ್ಪಾಳೆಯಿಂದ ಎಣಿಕೆ ತಪ್ಪಿತು ಸಾರ್’ ಅಂದೆ.

‘ಉಳಿದವರಿಗೆ ತಪ್ಪಲಿಲ್ಲವಲ್ಲ’ ಅಂದರು. ಅಷ್ಟೇ. ಮಾರ್ಚ್ ಮೂರನೇ ವಾರ ತೀರ್ಮಾನ.

ಆ ಮನುಷ್ಯ ಯಾರೋ ಏನೋ. ಮನೆಗೆ ಹೋಗಿ ಆರಾಮಾಗಿ ನಿದ್ದೆ ಮಾಡಿರುತ್ತಾನೆ.

ಡಬ್ಬಿ

—

ಮಾರ್ಚ್ ೯

ಮಗಳೇ,

ಅವನು ಹದಿನೈದು ದಿನದಿಂದ ನಿದ್ದೆ ಮಾಡಿಲ್ಲ. ಆ ಪುಣ್ಯಾತ್ಮ ನಾನು.

ನಲ್ಲಿಗೆ ವಾಷರ್ ಹಾಕಿದ್ದು ಶನಿವಾರ. ಭಾನುವಾರ ಬೆಳಗಿನ ರೈಲು ಹತ್ತಿದೆ. ನಿನಗೆ ಕಾಣಬಾರದೆಂದು ಬಾಲ್ಕನಿಯ ಕೊನೇ ಸಾಲು, ಕಂಬದ ಹಿಂದೆ. ಮಫ್ಲರು, ಟೋಪಿ, ಕಪ್ಪು ಕನ್ನಡಕ. ಟಿಕೆಟ್ ಹರಿಯುವವನು ‘ಕಣ್ಣು ಆಪರೇಷನ್ ಆಗಿದ್ಯಾ ತಾತ?’ ಎಂದು ಕೈ ಹಿಡಿದು ಸೀಟಿಗೆ ಬಿಟ್ಟ. ವರ್ಡ್ ಆಫ್ ಆನರ್ ಮುರಿದೆ, ಒಪ್ಪುತ್ತೇನೆ. ಆದರೆ ಹೇಳು, ಯಾರ್ಯಾರದೋ ಸಂಗೀತಕ್ಕೆ ನನ್ನ ಅಂಗಾಲು ಎಚ್ಚರವಾಗುತ್ತಿರುವಾಗ, ಸ್ವಂತ ಮಗಳದ್ದನ್ನು ಕೇಳದೆ ಹೇಗಿರಲಿ?

ಶುರುವಿಗೆ ಮುಂಚೆ ನೀವೆಲ್ಲ ಶ್ರುತಿ ಮಾಡಿಕೊಳ್ಳುತ್ತೀರಲ್ಲ, ಒಬ್ಬರು ಒಂದು ಸ್ವರ ಹಿಡಿದರೆ ಅರವತ್ತು ಜನ ಅದರ ಕಡೆಗೆ ತೆವಳಿಕೊಂಡು ಬರುವುದು, ಅದಕ್ಕೇ ನನ್ನ ಕಣ್ಣು ತುಂಬಿತು. ಆಟ ಇನ್ನೂ ಶುರುವೇ ಆಗಿರಲಿಲ್ಲ. ಆಮೇಲೆ ಎಲ್ಲ ಒಟ್ಟಿಗೆ ಎದ್ದಿತು. ನಾನು ಎದುರಿನ ಕಂಬಿ ಹಿಡಿದಿದ್ದೆ, ಕಂಬಿ ನಡುಗುತ್ತಿತ್ತು. ಹಿಂದೆ, ಮೂಲೆಯಲ್ಲಿ, ನೀನು. ಕಪ್ಪು ಬಟ್ಟೆ, ಕೈ ಕಟ್ಟಿ ನಿಂತಿದ್ದೆ. ತುಟಿ ಅಲ್ಲಾಡುತ್ತಿತ್ತು. ಎಣಿಸುತ್ತಿದ್ದೀಯ ಎಂದು ಗೊತ್ತಾಯಿತು. ಚಿಕ್ಕವಳಾಗಿದ್ದಾಗ ಮಗ್ಗಿ ಹೇಳುವಾಗಲೂ ಹಾಗೇ.

ಆಮೇಲೆ ಎಲ್ಲ ನಿಂತಿತು.

ನೀನು ಬರೆದಿದ್ದೆ, ಹನ್ನೊಂದು ಎಣಿಕೆ, ಮೌನ, ಗಂಟೆ, ಎಲ್ಲ. ನನಗೆ ಕಾಗದವೆಲ್ಲ ಮರೆತುಹೋಯಿತು. ಆ ಮೌನ ಖಾಲಿ ಇರಲಿಲ್ಲ, ಡಬ್ಬಿ. ಅಷ್ಟು ದೊಡ್ಡ ಕಟ್ಟಡ, ಸಾವಿರ ಜನ, ಒಂದು ಬಟ್ಟಲಿನಲ್ಲಿ ತುಳುಕದೆ ನಿಂತ ನೀರಿನ ಹಾಗೆ. ಇಷ್ಟು ಪೂರ್ತಿಯಾದದ್ದರ ಮುಂದೆ ಇನ್ನೇನಾದರೂ ಇರಲು ಸಾಧ್ಯವೇ ಅನ್ನಿಸಿತು. ಮುಳ್ಳು ನಿಲ್ಲುವ ಮುಂಚೆ ತೂಕ ಓದಬೇಡಿ ಎಂದು ಎಷ್ಟು ಅಂಗಡಿಯವರಿಗೆ ಬೈದಿದ್ದೇನೆ! ನಾನೇ ಓದಿಬಿಟ್ಟೆ. ನನಗೆ ಗೊತ್ತಾಗುವ ಮುಂಚೆ ಎದ್ದು ನಿಂತಿದ್ದೆ, ಕೈಗಳು ಬಡಿದುಕೊಳ್ಳುತ್ತಿದ್ದವು. ಪಕ್ಕದವರು ಕೋಟು ಎಳೆದು ‘ಕೂತ್ಕೊಳ್ರೀ ಯಜಮಾನ್ರೇ, ಮಾನ ಕಳೀಬೇಡಿ’ ಅಂದರು. ಕೂತೆ. ಮಫ್ಲರನ್ನು ಬಾಯಿಗೆ ತುರುಕಿಕೊಂಡೆ.

ನಿನ್ನ ವರ್ಷವನ್ನು ಎರಡು ಅಂಗೈ ನಡುವೆ ಅಪ್ಪಚ್ಚಿ ಮಾಡಿದೆ. ಅದಕ್ಕೇ ಈ ಕಾಗದಕ್ಕೂ ಮುಂಚೆ ನಿನ್ನ ಕಡ್ಡಿ ಮೇಷ್ಟ್ರಿಗೆ ಒಂದು ಬರೆದು ಅಂಚೆಗೆ ಹಾಕಿದ್ದೇನೆ. ಪೂರ್ತಿ ಇಂಗ್ಲಿಷಿನಲ್ಲಿ. ‘ರೆಸ್ಪೆಕ್ಟೆಡ್ ಸರ್, ವಿತ್ ಡ್ಯೂ ರಿಗ್ರೆಟ್ ಐ ಆಮ್ ದಿ ಕ್ಲ್ಯಾಪಿಂಗ್ ಪರ್ಸನ್’ ಎಂದು ಶುರು. ಮಧ್ಯೆ ಪದ ಸಿಗಲಿಲ್ಲ, ಕನ್ನಡಕ್ಕಿಳಿದೆ. ತಪ್ಪೆಲ್ಲ ನನ್ನದು, ಹುಡುಗಿಯದು ಎಳ್ಳಷ್ಟೂ ಇಲ್ಲ, ಬೇಕಾದರೆ ನನ್ನನ್ನು ಜೀವಮಾನವಿಡೀ ಸಭಾಂಗಣದ ಹೊರಗಿಡಿ ಎಂದಿದ್ದೇನೆ.

ಬೈದಾದರೂ ಒಂದು ಸಾಲು ಬರಿ.

ಅಪ್ಪ

—

ಮಾರ್ಚ್ ೧೬

ಅಪ್ಪಾ,

ನಿಮ್ಮ ಕಾಗದ ಬಂದ ದಿನ ಸಿಟ್ಟಿನಲ್ಲಿ ಮೂರು ಸಲ ಬರೆದು ಹರಿದೆ. ಇದು ನಾಲ್ಕನೆಯದು, ಇದರಲ್ಲಿ ಸಿಟ್ಟಿಲ್ಲ.

ಇವತ್ತು ಮೇಷ್ಟ್ರು ಕರೆದರು. ಮೇಜಿನ ಮೇಲೆ ನಿಮ್ಮ ಕಾಗದ. ಅವರು ನಕ್ಕದ್ದನ್ನು ನಾನು ಮೊದಲ ಸಲ ನೋಡಿದ್ದು. ‘ಕ್ಲ್ಯಾಪಿಂಗ್ ಪರ್ಸನ್ ನಿಮ್ಮ ತಂದೆಯಂತೆ! ಸ್ವಂತ ಅಪ್ಪನ ಚಪ್ಪಾಳೆ ಕಿವಿಗೆ ಬಿದ್ದರೆ ಯಾರಿಗೆ ತಾನೇ ಎಣಿಕೆ ತಪ್ಪಲ್ಲ? ಶುಕ್ರವಾರ ಬಂದು ಸಹಿ ಮಾಡಿ’ ಅಂದರು. ಕೆಲಸ ಸಿಕ್ಕಿತು, ಅಪ್ಪಾ.

ಈಗ ನನ್ನದನ್ನು ಕೇಳಿ. ನಿಮ್ಮ ಚಪ್ಪಾಳೆಗೆ ನನ್ನ ಎಣಿಕೆ ತಪ್ಪಲಿಲ್ಲ. ಅದಕ್ಕೆ ಮುಂಚೆಯೇ ತಪ್ಪಿತ್ತು.

ಐದರವರೆಗೆ ಎಣಿಸಿದ್ದು ನೆನಪಿದೆ. ಅಭ್ಯಾಸದಲ್ಲಿ ನೂರು ಸಲ ಆ ಮೌನ ಬಂದಿತ್ತು, ಆದರೆ ಖಾಲಿ ಹಾಲಿನಲ್ಲಿ. ಆವತ್ತು ಸಾವಿರ ಜನರ ಜೊತೆ ಬಂತು. ಎಣಿಸುವುದನ್ನು ಬಿಟ್ಟು ಕೇಳುತ್ತ ನಿಂತುಬಿಟ್ಟೆ. ಹತ್ತು ವರ್ಷದಲ್ಲಿ ಮೊದಲ ಸಲ, ವೇದಿಕೆಯ ಮೇಲೆ, ಕೈಯಲ್ಲಿ ಕೋಲು ಹಿಡಿದುಕೊಂಡು, ನಾನೂ ಟಿಕೆಟ್ ತೆಗೆದುಕೊಂಡು ಬಂದವಳ ಹಾಗೆ. ನಿಮ್ಮ ಚಪ್ಪಾಳೆಯೇ ನನ್ನನ್ನು ಎಬ್ಬಿಸಿದ್ದು. ಅದು ಬರದಿದ್ದರೆ ಆ ಗಂಟೆ ಇನ್ನೂ ತಡವಾಗುತ್ತಿತ್ತೋ ಏನೋ. ಮೇಷ್ಟ್ರು ಕೇಳಿದಾಗ ಚಪ್ಪಾಳೆಯ ಮೇಲೆ ಹಾಕಿದೆ. ಯಾರೋ ಗೊತ್ತಿಲ್ಲದ ಮನುಷ್ಯ ತಾನೇ, ಅವನಿಗೇನು ನಷ್ಟ ಅಂದುಕೊಂಡೆ. ಆ ಗೊತ್ತಿಲ್ಲದ ಮನುಷ್ಯ ಹದಿನೈದು ದಿನ ನಿದ್ದೆ ಮಾಡಿಲ್ಲ.

ನಾಳೆ ಬೆಳಿಗ್ಗೆ ಹೋಗಿ ಮೇಷ್ಟ್ರಿಗೆ ಹೇಳುತ್ತೇನೆ. ನಿಮ್ಮ ಉತ್ತರಕ್ಕೆ ಕಾದರೆ ನೀವು ಬೇಡ ಅನ್ನುತ್ತೀರಿ, ನಾನು ಸಂತೋಷವಾಗಿ ಕೇಳಿಬಿಡುತ್ತೇನೆ.

ಡಬ್ಬಿ

—

ಮಾರ್ಚ್ ೧೯

ಡಬ್ಬಿ,

ಜಾಣೆ. ಬೇಡ ಅನ್ನುತ್ತಿದ್ದೆ. ಫೋನು ಕೈಗೆತ್ತಿಕೊಂಡೂ ಇದ್ದೆ, ದಿನಾಂಕ ನೋಡಿ ಇಟ್ಟೆ. ಅಷ್ಟರಲ್ಲಿ ನೀನು ಹೇಳಿ ಎರಡು ದಿನವಾಗಿತ್ತು.

ಕಳ್ಳತಕ್ಕಡಿಗಳನ್ನು ಎಷ್ಟು ಹಿಡಿದಿದ್ದೇನೋ ಲೆಕ್ಕವಿಲ್ಲ. ‘ಸಾರ್, ನನ್ನ ತಕ್ಕಡಿ ಸುಳ್ಳು ಹೇಳ್ತಿದೆ’ ಎಂದು ತಾನಾಗಿ ಬಂದ ಅಂಗಡಿಯವನು ಒಬ್ಬನೂ ಇಲ್ಲ. ಒಬ್ಬ ಬಂದಿದ್ದರೆ ಏನು ಮಾಡುತ್ತಿದ್ದೆ ಎಂದು ಇವತ್ತು ಇಡೀ ದಿನ ಯೋಚಿಸಿದೆ. ನಿಯಮದ ಪುಸ್ತಕದಲ್ಲಿ ಅದಕ್ಕೆ ಪುಟವೇ ಇಲ್ಲ. ನಿನ್ನ ಮೇಷ್ಟ್ರ ಪುಸ್ತಕದಲ್ಲಿ ಇದೆಯೋ?

ಏನೇ ಆದರೂ, ಎಣಿಸುವುದೇ ಕೆಲಸವಾದವಳು ಎಣಿಸುವುದನ್ನು ಮರೆತು ಕೇಳಿದಳಲ್ಲ, ಅದು ನನಗೆ ಸಾಕು. ತಪ್ಪು ಅಂತ ಗೊತ್ತು. ಆದರೂ ಸಾಕು.

ಅಪ್ಪ

—

ಮಾರ್ಚ್ ೨೩

ಅಪ್ಪಾ,

ಹೇಳಿದೆ. ಮೇಷ್ಟ್ರು ಪೂರ್ತಿ ಕೇಳಿಸಿಕೊಂಡರು. ಆಮೇಲೆ ಕಡ್ಡಿ ಮುರಿದ ಹಾಗೆ ಅಂದರು: ‘ಕೇಳುಗರು ಕೇಳ್ಕೊಂಡು ಮೈಮರೀಬಹುದು. ನೀವು ಮೈಮರೆತರೆ ಅವರಿಗೆ ಕೇಳೋಕೆ ಏನೂ ಇರಲ್ಲ.’ ಸಹಿ ಮಾಡಬೇಕಾಗಿದ್ದ ಹಾಳೆಯನ್ನು ಡ್ರಾಯರಿಗೆ ಹಾಕಿದರು. ಪರೀಕ್ಷೆ ಇನ್ನೊಂದು ವರ್ಷ ಮುಂದಕ್ಕೆ. ಕಳಿಸಿಲ್ಲ, ಇಟ್ಟುಕೊಂಡೂ ಇಲ್ಲ. ಬಾಗಿಲ ತನಕ ಹೋದಾಗ ಕರೆದು, ‘ಆ ಗಂಟೆಯನ್ನ ಬೇರೆಯವರಿಗೆ ಕೊಡಲ್ಲ, ಏಪ್ರಿಲ್ ೧೯ಕ್ಕೆ ಮತ್ತೆ ಅದೇ ಕೃತಿ, ನೀವೇ ಹೊಡೀಬೇಕು’ ಅಂದರು.

ಅತ್ತುಬಿಟ್ಟೆ. ಆಮೇಲೆ ಹೊಟ್ಟೆ ತುಂಬ ಊಟ ಮಾಡಿದೆ.

ಬನ್ನಿ ಅಪ್ಪಾ. ಮಫ್ಲರು ಬೇಡ, ಕಂಬದ ಹಿಂದೆ ಬೇಡ. ಮಧ್ಯದಲ್ಲಿ, ಎಂಟನೇ ಸಾಲು. ನಾನು ನಿಮ್ಮನ್ನೂ ನೋಡುತ್ತೇನೆ, ಪಕ್ಕದ ಸೀಟನ್ನೂ ನೋಡುತ್ತೇನೆ, ಆಮೇಲೆ ಎಣಿಸುತ್ತೇನೆ.

ಡಬ್ಬಿ

—

ಏಪ್ರಿಲ್ ೨೦

ಡಬ್ಬಿ,

ನಿನ್ನೆ ಗ್ರೀನ್‌ರೂಮಿನ ಬಾಗಿಲಲ್ಲಿ ನೀನು ‘ಹೇಗಿತ್ತು?’ ಎಂದು ಕೇಳಿದಾಗ ನನ್ನ ಬಾಯಿಂದ ‘ರೈಲಿಗೆ ಹೊತ್ತಾಯಿತು’ ಅನ್ನುವುದಷ್ಟೇ ಬಂತು. ಮೂರ್ಖ ನಾನು. ಇಂಥ ಮಾತು ನನಗೆ ಕಾಗದದಲ್ಲೇ ಬರುವುದು.

ನನ್ನ ಪಕ್ಕದಲ್ಲಿ ಒಬ್ಬ ನಿವೃತ್ತ ಗಣಿತದ ಮೇಷ್ಟ್ರು. ಕೈಯಲ್ಲಿ ಕಾರ್ಯಕ್ರಮದ ಪುಸ್ತಿಕೆ, ಮೌನದ ವಿಷಯವನ್ನೆಲ್ಲ ಓದಿಕೊಂಡು ಬಂದಿದ್ದರು. ನೀನು ವೇದಿಕೆಗೆ ಬಂದು ನಿಂತು ನಮ್ಮ ಸಾಲಿನ ಕಡೆ ನೋಡಿದ್ದನ್ನು ಕಂಡೆ. ಅವರ ಬೋಳುತಲೆಯನ್ನೂ ನೋಡಿದೆಯಲ್ಲ, ಅಮ್ಮನ ಜಾಗದಲ್ಲಿ. ನಿನ್ನ ತುಟಿಯಲ್ಲಿ ಸಣ್ಣ ನಗು ಬಂದು ಹೋಯಿತು. ನನ್ನ ಎದೆ ಹಗುರಾಯಿತು.

ಮೊದಲ ಅರ್ಧಗಂಟೆ ಏನು ಬಾರಿಸಿದಿರಿ ಎಂದು ಕೇಳಬೇಡ. ಬೆಟ್ಟದ ಮೇಲೆ ಮೋಡ ಹತ್ತಿದ ಹಾಗೆ ಏನೋ ಹತ್ತುತ್ತಲೇ ಇತ್ತು. ಮತ್ತೆ ಅದು ನಿಂತಿತು. ಈ ಸಲ ನನಗೆ ಮುಗಿಯಿತು ಅನ್ನಿಸಲಿಲ್ಲ. ಕಿವಿ ಇಷ್ಟು ದೊಡ್ಡದಾಗಿರಬಹುದು ಎಂದು ನನಗೆ ಗೊತ್ತಿರಲಿಲ್ಲ. ಮೇಲಿನ ದೀಪ ಗುಂಯ್ ಅನ್ನುವುದು ಕೇಳಿತು. ಯಾರದೋ ಗಡಿಯಾರ. ನನ್ನದೇ ರಕ್ತ ಓಡುವುದು. ಅರವತ್ತು ಜನ ಉಸಿರು ಹಿಡಿದು ನಿನಗಾಗಿ ಕಾಯುತ್ತಿದ್ದರು, ಸಾವಿರ ಜನಕ್ಕೆ ತಾವು ಯಾರಿಗಾಗಿ ಕಾಯುತ್ತಿದ್ದೇವೆ ಎಂಬುದೇ ಗೊತ್ತಿರಲಿಲ್ಲ. ಆಮೇಲೆ ಆ ಗಂಟೆ. ಇಷ್ಟೇ ಇಷ್ಟು. ಕತ್ತಲ ಕೋಣೆಗೆ ಯಾರೋ ಕಡ್ಡಿ ಗೀರಿದ ಹಾಗೆ. ಅದರ ಬೆಳಕಿನಲ್ಲಿ ಪಿಟೀಲುಗಳೆಲ್ಲ ಒಂದೊಂದಾಗಿ ಕಣ್ಣು ಬಿಟ್ಟವು. ನಿನ್ನ ಮೇಷ್ಟ್ರ ಬೆನ್ನು ನನಗೆ ಕಾಣುತ್ತಿತ್ತು, ಭುಜ ಅರ್ಧ ಇಂಚು ಕೆಳಗಿಳಿಯಿತು.

ಎಲ್ಲ ಮುಗಿದು, ಜನ ಎದ್ದು, ಚಪ್ಪಾಳೆಯೂ ಆಗಿ ಬಾಗಿಲ ಕಡೆ ಸಾಗುವಾಗ ಗಣಿತದ ಮೇಷ್ಟ್ರು ನನ್ನ ತೋಳು ಹಿಡಿದರು. ‘ಸ್ವಾಮೀ, ನಾನು ಎಣಿಸಿದೆ, ನನಗೆ ಒಂಬತ್ತೇ ಬಂತು. ನಿಮಗೆಷ್ಟು ಬಂತು?’

‘ನಾನು ಎಣಿಸಲಿಲ್ಲ’ ಅಂದೆ.

‘ಅಯ್ಯೋ, ಪುಸ್ತಿಕೇಲಿ ಹನ್ನೊಂದು ಅಂತ ಬರೆದಿದ್ರಲ್ಲ, ಎಣಿಸಬೇಡ್ವೇ?’

‘ಬೇಡ ಸ್ವಾಮೀ’ ಅಂದೆ. ‘ಎಣಿಸೋಕೆ ಅಲ್ಲೊಬ್ಳು ಇದ್ದಾಳೆ. ನಾವು ಸುಮ್ಮನೆ ಕೇಳಿದ್ರಾಯ್ತು.’

ಅಪ್ಪ